ಕಾಗೋಡಿನ ಕೊಳಗ, ಕಿಡ್ನಿಯ ಬೆಲೆ: ಶಾಂತವೇರಿ ಈಗ ಯಾಕೆ ನೆನಪಾಗಬೇಕು?

ಕಿಡ್ನಿ ಮಾರಾಟದ ಚರ್ಚೆ ಶುರುವಾದರೆ ಒಂದು ವಾದ ಬಂದೇ ಬರುತ್ತೆ. ದೇಹ ಅವನದ್ದು, ಮಾರೋಕೆ ಅವನೇ ಒಪ್ಪಿದ್ದಾನೆ, ನಡುವೆ ಸರ್ಕಾರಕ್ಕೇನು ಕೆಲಸ? ಇಂಜಿನಿಯರಿಂಗ್ ಓದುವಾಗ ನನಗೂ ಇದು ಸರಿ ಅನ್ನಿಸಿತ್ತು. ಆ ಲೆಕ್ಕ ತಪ್ಪು ಅಂತ ತೋರಿಸಿದ್ದು ಶಾಂತವೇರಿ ಗೋಪಾಲಗೌಡರ ಬದುಕು.

ಗೌಡರು ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಬಡ ರೈತ ಕುಟುಂಬದಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಧುಮುಕಿ ಜೈಲು ಸೇರಿದರು. ಆಮೇಲೆ ಸಮಾಜವಾದಿ ಪಕ್ಷ.

1951ರಲ್ಲಿ ಸಾಗರದ ಕಾಗೋಡು ಸಿಡಿದೆದ್ದಿತು. ಗೇಣಿ ಭತ್ತ ಅಳೆಯೋಕೆ ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು. ಅದು ಬೇಡ ಅಂದ ದೀವರ ರೈತರು ಗದ್ದೆ ಕಳೆದುಕೊಂಡರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದ್ದರು, ಗೋಪಾಲಗೌಡರು ಪಕ್ಷವನ್ನೇ ಅವರ ಬೆನ್ನಿಗೆ ನಿಲ್ಲಿಸಿದರು. ಗದ್ದೆಗಿಳಿದವರೆಲ್ಲ ಜೈಲಿಗೆ ಹೋದರು. ಜೂನ್‌ನಲ್ಲಿ ಬಂದ ರಾಮಮನೋಹರ ಲೋಹಿಯಾ ಅವರೂ ಬಂಧನಕ್ಕೊಳಗಾದರು.

ಮೇಲ್ನೋಟಕ್ಕೆ ಆ ಗೇಣಿದಾರನೂ ಒಪ್ಪಿಕೊಂಡೇ ಗೇಯುತ್ತಿದ್ದವನು. ಆದರೆ ಗದ್ದೆ ಬಿಟ್ಟರೆ ಗಂಜಿಯಿಲ್ಲ ಅನ್ನೋ ಸ್ಥಿತಿಯಲ್ಲಿ ಹುಟ್ಟಿದ ಒಪ್ಪಿಗೆ ಅದು. ಅಳತೆ ಯಾರ ಕೈಯಲ್ಲಿದೆ ಅಂತ ಕೇಳದೆ ಒಪ್ಪಿಗೆಯ ಮಾತಾಡೋದು ಮೋಸ. ಕಾಗೋಡು ಎತ್ತಿದ ಪ್ರಶ್ನೆ ಇಷ್ಟೇ.

ಗೌಡರು ಅದೇ ಪ್ರಶ್ನೆ ಹೊತ್ತು ವಿಧಾನಸಭೆಗೆ ಹೋದರು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಜನ 1952, 1962, 1967ರಲ್ಲಿ ಅವರನ್ನು ಗೆಲ್ಲಿಸಿದರು, 1957ರಲ್ಲಿ ಸೋಲಿಸಿದರು. ಉಳುವವನಿಗೆ ಭೂಮಿ ಸಿಗಬೇಕೆಂಬ ಹಟವನ್ನು ಮಾತ್ರ ಅವರು ಬಿಡಲಿಲ್ಲ. ಕಾಯಿಲೆಯಿಂದ ನರಳಿ 1972ರ ಜೂನ್ 9ರಂದು, 49ನೇ ವಯಸ್ಸಿಗೆ ತೀರಿಕೊಂಡರು. ಗೇಣಿ ಪದ್ಧತಿಯನ್ನು ಮುರಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಅದನ್ನು ನೋಡೋಕೆ ಅವರಿರಲಿಲ್ಲ.

ಅಂಗಾಂಗ ವ್ಯಾಪಾರ ಅವರ ಕಾಲದ ಪ್ರಶ್ನೆಯೇ ಅಲ್ಲ. ವೆಲ್ಲೂರಿನಲ್ಲಿ ಕಿಡ್ನಿ ಕಸಿ ಯಶಸ್ವಿಯಾದದ್ದೇ 1971ರಲ್ಲಿ. ಮುಂದೆ ಬೆಂಗಳೂರೂ ಕಿಡ್ನಿ ದಂಧೆಯ ಊರಾಯಿತು. 1994ರ ಕಾಯ್ದೆ ಮಾರಾಟವನ್ನು ಅಪರಾಧವೆಂದಿತು. ಸಂಬಂಧಿಕರಲ್ಲದವರು ಕೊಡುವುದಾದರೆ ಸಮಿತಿಯ ಮುಂದೆ ಹೋಗಬೇಕು. ಅಲ್ಲಿ ಪ್ರೀತಿಯಿಂದ ಕೊಡ್ತಿದ್ದೀನಿ ಅಂತ ಹೇಳುವವನ ಹಿಂದೆ ಸಾಲಗಾರ ನಿಂತಿರಬಹುದು. ಇರಾನ್‌ನಲ್ಲಿ ಹಣ ಪಡೆದು ಕಿಡ್ನಿ ಕೊಡೋದು ಕಾನೂನುಬದ್ಧ. ಅಲ್ಲೂ ಕೊಡುವವರು ಬಡವರೇ.

ಡಯಾಲಿಸಿಸ್ ಮೇಲೆ ಬದುಕುತ್ತಿರುವ ರೋಗಿಯ ಸಂಕಟ ಸುಳ್ಳಲ್ಲ. ಅದಕ್ಕೆ ಮರಣಾನಂತರದ ದಾನ ಹೆಚ್ಚಬೇಕು, ರಾಜ್ಯದ ಜೀವಸಾರ್ಥಕತೆಯಂಥ ವ್ಯವಸ್ಥೆ ಬಲಗೊಳ್ಳಬೇಕು. ಸಾಲಗಾರನ ಕಾಟಕ್ಕೆ ಹೆದರಿದವನ ಸಹಿಯನ್ನು ಸ್ವಾತಂತ್ರ್ಯ ಅಂತ ಕರೆಯೋದು ಬೇಡ. ಕೊಳಗ ಈಗಲೂ ಒಡೆಯನ ಕೈಯಲ್ಲೇ ಇದೆ.