ಊರು ಕಳೆದುಕೊಂಡವನು, ಪರರ ಊರು ಉಳಿಸಿದವನು: ಟಿಸ್ಕ್ವಾಂಟಮ್

ಅಮೆರಿಕದ ಚರಿತ್ರೆಯನ್ನು ಹಡಗಿನಿಂದ ಶುರು ಮಾಡುವುದು ರೂಢಿ. 1492ರಲ್ಲಿ ಕೊಲಂಬಸ್ ಬಂದ, 1607ರಲ್ಲಿ ಇಂಗ್ಲಿಷರು ಜೇಮ್ಸ್‌ಟೌನ್ ಕಟ್ಟಿದರು, 1620ರಲ್ಲಿ ಮೇಫ್ಲವರ್ ಹಡಗು ಬಂತು ಅಂತ ಇಸವಿಗಳನ್ನು ಬಾಯಿಪಾಠ ಮಾಡ್ತೇವೆ. ಆದರೆ ಹಡಗು ಬಂದು ನಿಂತಾಗ ದಡದ ಮೇಲೆ ಯಾರಿದ್ದರು? ಅವರ ಊರಿನ ಹೆಸರೇನು? ಇದನ್ನು ತಿಳಿಯಲು ಒಬ್ಬನ ಬದುಕು ನೋಡಿದರೆ ಸಾಕು. ಅವನೇ ಟಿಸ್ಕ್ವಾಂಟಮ್. ಇಂಗ್ಲಿಷರು ಅವನನ್ನು ಚಿಕ್ಕದಾಗಿ ಸ್ಕ್ವಾಂಟೋ ಅಂತ ಕರೆದರು.

ಅವನ ಊರು ಪಟಕ್ಸೆಟ್. ಈಗಿನ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಮುದ್ರ ದಂಡೆಯಲ್ಲಿತ್ತು. ಅಲ್ಲಿದ್ದವರು ವಾಂಪನೋಗ್ ಎಂಬ ಜನ. ಕೊಲಂಬಸ್ ತಾನು ಏಷ್ಯಾಕ್ಕೆ, ಇಂಡಿಯಾದ ಕಡೆಗೆ ಬಂದೆ ಎಂದುಕೊಂಡಿದ್ದರಿಂದ ಆ ಖಂಡದವರಿಗೆಲ್ಲ ಇಂಡಿಯನ್ನರು ಎಂಬ ಹೆಸರು ಬಿತ್ತು. ನಮಗೂ ಅವರಿಗೂ ಬೇರೆ ಸಂಬಂಧವಿಲ್ಲ. ಇವರು ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆಯುತ್ತಿದ್ದರು. ಮೀನು ಹಿಡಿಯುತ್ತಿದ್ದರು, ಬೇಟೆ ಆಡುತ್ತಿದ್ದರು. ಅಂದರೆ ಅದು ಬರೀ ಕಾಡಲ್ಲ, ಉತ್ತು ಬಿತ್ತುವ ಜನರಿದ್ದ ನಾಡು.

1614ರಲ್ಲಿ ಥಾಮಸ್ ಹಂಟ್ ಎಂಬ ಇಂಗ್ಲಿಷ್ ಕಪ್ತಾನ ಆ ತೀರಕ್ಕೆ ಬಂದ. ವ್ಯಾಪಾರದ ಆಸೆ ತೋರಿಸಿ ಪಟಕ್ಸೆಟ್‌ನ ಸುಮಾರು 20 ಜನರನ್ನು ಹಡಗಿಗೆ ಹತ್ತಿಸಿಕೊಂಡ. ಹತ್ತಿದವರನ್ನು ಕೆಳಗಿಳಿಸಲೇ ಇಲ್ಲ! ಸಮುದ್ರ ದಾಟಿಸಿ ಸ್ಪೇನ್ ದೇಶದ ಮಲಗಾ ಪಟ್ಟಣದಲ್ಲಿ ಗುಲಾಮರನ್ನಾಗಿ ಮಾರಲು ಹೊರಟ. ಟಿಸ್ಕ್ವಾಂಟಮ್ ಅವರಲ್ಲಿ ಒಬ್ಬ. ಅಲ್ಲಿನ ಕ್ರೈಸ್ತ ಸನ್ಯಾಸಿಗಳಿಗೆ ವಿಷಯ ತಿಳಿದು, ಕೆಲವರನ್ನು ಅವರು ಬಿಡಿಸಿಕೊಂಡರು.

ಸ್ಪೇನಿನಿಂದ ಅವನು ಹೇಗೋ ಲಂಡನ್ ಸೇರಿದ. ಅಲ್ಲಿ ಜಾನ್ ಸ್ಲಾನಿ ಎಂಬ ವ್ಯಾಪಾರಿಯ ಮನೆಯಲ್ಲಿದ್ದು ಇಂಗ್ಲಿಷ್ ಕಲಿತ. ಭಾಷೆ ಕಲಿತದ್ದು ಓದಿನ ಆಸೆಗಲ್ಲ, ಊರಿಗೆ ಹೋಗುವ ದಾರಿಗಾಗಿ ಅಂದರೆ ತಪ್ಪಾಗಲಾರದು. ಮೀನು ವ್ಯಾಪಾರದ ಹಡಗುಗಳು ಹೋಗುತ್ತಿದ್ದ ನ್ಯೂಫೌಂಡ್‌ಲ್ಯಾಂಡ್ ದ್ವೀಪಕ್ಕೆ ಹೋದ. ಅಲ್ಲಿ ಥಾಮಸ್ ಡರ್ಮರ್ ಎಂಬ ಕಪ್ತಾನನ ಪರಿಚಯವಾಯಿತು. ಕೊನೆಗೆ 1619ರಲ್ಲಿ ಡರ್ಮರ್‌ನ ಜೊತೆ ತನ್ನ ತೀರಕ್ಕೆ ಬಂದ. ಐದು ವರ್ಷವಾಗಿತ್ತು.

ಆದರೆ ಊರಲ್ಲಿ ಯಾರೂ ಇರಲಿಲ್ಲ!

1616ರಿಂದ 1619ರ ನಡುವೆ ಒಂದು ದೊಡ್ಡ ರೋಗ ಆ ತೀರದಲ್ಲೆಲ್ಲ ಹರಡಿತ್ತು. ಯೂರೋಪಿನ ಹಡಗುಗಳ ಜೊತೆ ಬಂದ ರೋಗ ಅದು. ಆ ಜನರ ಮೈಗೆ ಅದರ ಅಭ್ಯಾಸವೇ ಇರಲಿಲ್ಲ. ಊರಿಗೆ ಊರೇ ಸತ್ತವು. ಹೂಳುವವರೂ ಇಲ್ಲದೆ ಎಲುಬುಗಳು ಬಯಲಲ್ಲೇ ಬಿದ್ದಿದ್ದವು. ಪಟಕ್ಸೆಟ್‌ನಲ್ಲಿ ಹೊಲಗಳಿದ್ದವು, ಉಳುವವರಿಲ್ಲ. ಅತ್ತ 1616ರಲ್ಲೇ ಜಾನ್ ಸ್ಮಿತ್ ಎಂಬಾತ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ನಕ್ಷೆಯಲ್ಲಿ ಆ ಜಾಗಕ್ಕೆ ಪ್ಲಿಮತ್ ಅಂತ ಇಂಗ್ಲಿಷ್ ಹೆಸರೂ ಬಿದ್ದಿತ್ತು. ಊರೂ ಹೋಯಿತು, ಊರಿನ ಹೆಸರೂ ಹೋಯಿತು.

ಮರುವರ್ಷ, 1620ರ ಚಳಿಗಾಲದಲ್ಲಿ ಮೇಫ್ಲವರ್ ಬಂತು. ಅದರಲ್ಲಿ 102 ಪ್ರಯಾಣಿಕರು. ಇಂಗ್ಲೆಂಡಿನಲ್ಲಿ ತಮ್ಮ ಇಷ್ಟದಂತೆ ದೇವರ ಪೂಜೆ ಮಾಡಲು ಬಿಡುತ್ತಿಲ್ಲವೆಂದು ಹೊರಟವರು ಕೆಲವರು, ಬದುಕು ಅರಸಿ ಹೊರಟವರು ಕೆಲವರು. ಮೊದಲು ಇಳಿದ ಕೇಪ್ ಕಾಡ್ ಎಂಬಲ್ಲಿ ಅಲ್ಲಿಯವರು ನೆಲದಲ್ಲಿ ಹೂತಿಟ್ಟಿದ್ದ ಮೆಕ್ಕೆಜೋಳವನ್ನು ಅಗೆದು ತೆಗೆದುಕೊಂಡರು. ಆಮೇಲೆ ಪಟಕ್ಸೆಟ್‌ಗೆ ಬಂದರು. ಮರ ಕಡಿದು ಹಸನು ಮಾಡಿದ ಹೊಲ, ಸಿಹಿನೀರಿನ ಹಳ್ಳ, ಕೇಳುವವರು ಯಾರೂ ಇಲ್ಲ. ಅಲ್ಲೇ ಮನೆ ಕಟ್ಟಿದರು. ಆದರೂ ಚಳಿ, ಹಸಿವು, ಕಾಯಿಲೆಯಿಂದ ಮೊದಲ ಚಳಿಗಾಲದಲ್ಲೇ ಅರ್ಧದಷ್ಟು ಜನ ತೀರಿಕೊಂಡರು.

1621ರ ಮಾರ್ಚ್‌ನಲ್ಲಿ ಸಮೊಸೆಟ್ ಎಂಬುವನು ಬಂದು ಅರೆಬರೆ ಇಂಗ್ಲಿಷಿನಲ್ಲಿ ಮಾತಾಡಿಸಿದ. ಕೆಲವು ದಿನಗಳಲ್ಲೇ ಟಿಸ್ಕ್ವಾಂಟಮ್ ಬಂದ. ತನ್ನವರನ್ನು ಕದ್ದೊಯ್ದ ದೇಶದವರು ತನ್ನ ಊರಲ್ಲೇ ಮನೆ ಕಟ್ಟಿದ್ದರು. ಅವನು ಅವರ ಜೊತೆಯಲ್ಲೇ ಇದ್ದುಬಿಟ್ಟ.

ವಾಂಪನೋಗ್ ಜನರ ನಾಯಕ ಮ್ಯಾಸಸಾಯಿಟ್‌ಗೂ ಇಂಗ್ಲಿಷರಿಗೂ ಆದ ಒಪ್ಪಂದಕ್ಕೆ ಅವನೇ ದುಭಾಷಿ. ಒಬ್ಬರಿಗೆ ತೊಂದರೆ ಬಂದರೆ ಇನ್ನೊಬ್ಬರು ನೆರವಾಗಬೇಕು ಅಂತ ಮಾತಾಯಿತು. ರೋಗದಿಂದ ಮ್ಯಾಸಸಾಯಿಟ್‌ನ ಜನ ಕರಗಿಹೋಗಿದ್ದರು. ಪಕ್ಕದ ನಾರಗ್ಯಾನ್ಸೆಟ್ ಜನ ಬಲವಾಗಿದ್ದರು. ಆದ್ದರಿಂದ ಅವನಿಗೂ ಸ್ನೇಹ ಬೇಕಾಗಿತ್ತು.

ಇಂಗ್ಲಿಷರು ತಂದಿದ್ದ ಗೋಧಿ, ಬಟಾಣಿ ಬೀಜ ಅಲ್ಲಿ ಸರಿಯಾಗಿ ಬರಲಿಲ್ಲ. ಟಿಸ್ಕ್ವಾಂಟಮ್ ಮೆಕ್ಕೆಜೋಳ ಹಾಕುವುದನ್ನು ಹೇಳಿಕೊಟ್ಟ. ವಸಂತದಲ್ಲಿ ಹಳ್ಳಕ್ಕೆ ಹತ್ತಿ ಬರುವ ಮೀನನ್ನು ಹಿಡಿದು ಬೀಜದ ಜೊತೆ ಗೊಬ್ಬರವಾಗಿ ಹೂಳಬೇಕು ಅಂದ. ಕೆಸರನ್ನು ಕಾಲಿಂದ ತುಳಿದು ಹಾವುಮೀನು ಎಬ್ಬಿಸಿ, ಬರಿಗೈಲಿ ಹಿಡಿದು ತೋರಿಸಿದ. ಆ ವರ್ಷ ಸುಗ್ಗಿ ಕೈಗೆ ಬಂತು. ಸುಗ್ಗಿಯ ಊಟಕ್ಕೆ ಮ್ಯಾಸಸಾಯಿಟ್ 90 ಜನರ ಜೊತೆ ಬಂದು ಮೂರು ದಿನ ಇದ್ದ. ಅಮೆರಿಕದವರು ಪ್ರತಿ ನವೆಂಬರ್‌ನಲ್ಲಿ ಮಾಡುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ನೆನೆಯುವುದು ಈ ಊಟವನ್ನೇ.

ಹಾಗಂತ ಟಿಸ್ಕ್ವಾಂಟಮ್ ದೇವರಂಥ ಮನುಷ್ಯ ಅಂತ ತಿಳಿಯಬೇಡಿ. ಎರಡೂ ಭಾಷೆ ಬಲ್ಲವನಾದ್ದರಿಂದ ಎರಡೂ ಕಡೆ ತನ್ನ ಆಟ ಆಡಿದ. ಇಂಗ್ಲಿಷರು ರೋಗವನ್ನು ನೆಲದಡಿ ಹೂತಿಟ್ಟಿದ್ದಾರೆ, ಬೇಕೆಂದಾಗ ಬಿಡ್ತಾರೆ ಅಂತ ತನ್ನವರನ್ನು ಹೆದರಿಸಿದ. ಹೂತಿದ್ದದ್ದು ಮದ್ದುಗುಂಡಿನ ಪುಡಿ! ಮ್ಯಾಸಸಾಯಿಟ್ ದಾಳಿಗೆ ಬರುತ್ತಾನೆ ಎಂಬ ಸುಳ್ಳು ಸುದ್ದಿಯೂ 1622ರಲ್ಲಿ ಅವನ ಕಡೆಯಿಂದಲೇ ಹುಟ್ಟಿತು. ಮ್ಯಾಸಸಾಯಿಟ್ ಸಿಟ್ಟಾಗಿ, ಒಪ್ಪಂದದ ಪ್ರಕಾರ ಅವನನ್ನು ಒಪ್ಪಿಸಿ ಅಂತ ಆಳು ಕಳಿಸಿದ. ಆದರೆ ಗವರ್ನರ್ ಬ್ರಾಡ್‌ಫೋರ್ಡ್‌ಗೆ ದುಭಾಷಿ ಬೇಕಾಗಿದ್ದ. ಅವನು ದಿನ ತಳ್ಳಿದ, ಟಿಸ್ಕ್ವಾಂಟಮ್ ಬದುಕಿದ. ಮನೆಮಠ, ಬಂಧುಬಳಗ ಎಲ್ಲ ಹೋದವನಿಗೆ ಮಾತೊಂದೇ ಆಸ್ತಿಯಾಗಿತ್ತು. ಅದನ್ನೇ ಹಿಡಿದು ದೊಡ್ಡವನಾಗಲು ನೋಡಿದ.

1622ರ ನವೆಂಬರ್‌ನಲ್ಲಿ ಇಂಗ್ಲಿಷರಿಗೆ ಕಾಳು ಕೊಡಿಸಲು ದಾರಿ ತೋರಿಸುತ್ತ ಹೋದವನಿಗೆ ಕೇಪ್ ಕಾಡ್‌ನಲ್ಲಿ ಜ್ವರ ಬಂತು, ಮೂಗಿನಿಂದ ರಕ್ತ ಸುರಿಯಿತು. ಕೆಲವೇ ದಿನಗಳಲ್ಲಿ ತೀರಿಕೊಂಡ.

ಅವನು ಮಾಡಿಸಿದ ಒಪ್ಪಂದ 50 ವರ್ಷಕ್ಕೂ ಹೆಚ್ಚು ನಡೆಯಿತು. ಆದರೆ ಇಂಗ್ಲಿಷರ ಹಡಗುಗಳು ಬರುತ್ತಲೇ ಇದ್ದವು, ಹೊಲಗಳು ಕೈ ತಪ್ಪುತ್ತಲೇ ಇದ್ದವು. 1675ರಲ್ಲಿ ಮ್ಯಾಸಸಾಯಿಟ್‌ನ ಮಗ ಮೆಟಕಾಮ್ ಯುದ್ಧಕ್ಕೆ ನಿಂತು, ಮರುವರ್ಷ ಸತ್ತ. ಸೆರೆ ಸಿಕ್ಕ ಬಹಳ ಜನರನ್ನು ದೂರದ ದ್ವೀಪಗಳಿಗೆ ಗುಲಾಮರಾಗಿ ಮಾರಿದರು.

ವಾಂಪನೋಗ್ ಜನ ಅಳಿದುಹೋಗಲಿಲ್ಲ. ಇಂದಿಗೂ ಮ್ಯಾಸಚೂಸೆಟ್ಸ್‌ನಲ್ಲಿದ್ದಾರೆ. ಆಡುವವರಿಲ್ಲದೆ ನಿಂತುಹೋಗಿದ್ದ ತಮ್ಮ ಭಾಷೆಯನ್ನು ಹಳೆಯ ಬರಹಗಳಿಂದ 1993ರಿಂದ ಮತ್ತೆ ಕಲಿಯತೊಡಗಿದರು. ನಮ್ಮ ಹೊಲದ ಮೆಕ್ಕೆಜೋಳವೂ, ಗೋವಿನ ಜೋಳ ಅಂತೀವಲ್ಲ ಅದು, ಮೂಲದಲ್ಲಿ ಆ ಖಂಡದ ಜನ ಸಾಕಿ ಬೆಳೆಸಿದ ಬೆಳೆಯೇ.

ಟಿಸ್ಕ್ವಾಂಟಮ್ ತಾನೇ ಬರೆದ ಒಂದು ಅಕ್ಷರವೂ ಉಳಿದಿಲ್ಲ. ಅವನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಇಂಗ್ಲಿಷರು ಬರೆದದ್ದು. ಅದಕ್ಕೇ ಗೆಳೆಯರೇ, ಅಮೆರಿಕದ ಚರಿತ್ರೆ ಓದುವಾಗ ಹಡಗಿನ ಹೆಸರಿನ ಜೊತೆ ದಡದ ಊರಿನ ಹೆಸರನ್ನೂ ನೆನಪಿಡಿ. ಪ್ಲಿಮತ್ ಎಲ್ಲಿದೆ ಅಂತ ಯಾರಾದರೂ ಕೇಳಿದರೆ, ಪಟಕ್ಸೆಟ್ ಇದ್ದ ಜಾಗದಲ್ಲಿ ಅಂತ ಹೇಳಿ.