ಮರೆಯಾದ ಕಡಲಿಗೆ ಹೆಸರಿಟ್ಟವನು

ಅರೇಬಿಯದ ಮರಳುಗಾಡಿನಲ್ಲಿಯೂ ಇರಾನಿನ ಬೆಟ್ಟಗಳ ತಪ್ಪಲಿನಲ್ಲಿಯೂ ಕಲ್ಲೆಣ್ಣೆ ಅಷ್ಟೊಂದು ದೊರೆಯಿತಲ್ಲ, ಇತರ ದೇಶಗಳಿಗೆ ಆ ಭಾಗ್ಯವೇಕಿಲ್ಲ? ಅದೃಷ್ಟವೆಂದು ಹೇಳಿ ಸುಮ್ಮನಾಗುವುದು ಸುಲಭ. ನಾನಾದರೋ ಇದಕ್ಕೆ ಉತ್ತರವಾಗಿ ಒಬ್ಬ ಭೂವಿಜ್ಞಾನಿಯ ಜೀವನವನ್ನು ನೆನೆಯಬಯಸುತ್ತೇನೆ. ಆತನ ಹೆಸರು ಎಡ್ವರ್ಡ್ ಸ್ಯೂಸ್.

ಸ್ಯೂಸ್ ಹುಟ್ಟಿದ್ದು 1831ರಲ್ಲಿ, ಲಂಡನ್ನಿನಲ್ಲಿ. ತಂದೆ ವ್ಯಾಪಾರಿ. ಬಾಲ್ಯ ಪ್ರಾಗ್ ನಗರದಲ್ಲಿ ಕಳೆಯಿತು. ಅನಂತರ ವಿಯೆನ್ನವೇ ಆತನ ಊರಾಯಿತು. 1848ರ ಕ್ರಾಂತಿಯ ಗಾಳಿ ಈ ತರುಣನಿಗೂ ಸೋಕಿತು. 1850ರಲ್ಲಿ ಕೆಲಕಾಲ ಸೆರೆಮನೆಯನ್ನೂ ಕಂಡನು. ಡಾಕ್ಟರ್ ಪದವಿಯಿಲ್ಲದಿದ್ದರೂ ಮೂವತ್ತು ತುಂಬುವ ಮೊದಲೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದನು. ಬಾವಿಗಳ ಕೆಟ್ಟ ನೀರಿನಿಂದ ವಿಷಮಶೀತ ಜ್ವರಕ್ಕೆ ತುತ್ತಾಗುತ್ತಿದ್ದ ವಿಯೆನ್ನಕ್ಕೆ ಆಲ್ಪ್ಸ್ ಪರ್ವತದ ಚಿಲುಮೆಗಳ ನೀರನ್ನು ತರಿಸಿದ ಕೀರ್ತಿಯೂ ಆತನಿಗೆ ಸಲ್ಲುತ್ತದೆ. 90 ಕಿಲೋಮೀಟರಿಗೂ ಮಿಕ್ಕಿದ ಆ ಕಾಲುವೆ 1873ರಲ್ಲಿ ತೆರೆಯಿತು.

ಆದರೆ ಆತನ ಜೀವನದ ಮಹಾಕಾರ್ಯ ಬೇರೆ. ಪರ್ವತಗಳ ನೆತ್ತಿಯಲ್ಲಿ ಕಡಲ ಜೀವಿಗಳ ಚಿಪ್ಪುಗಳೇಕೆ? ಆಲ್ಪ್ಸಿನಿಂದ ಹಿಮಾಲಯದವರೆಗೆ ಆ ಚಿಪ್ಪುಗಳಲ್ಲಿ ಅಷ್ಟೊಂದು ಹೋಲಿಕೆಯೇಕೆ? ಇವನ್ನು ಕೂಡಿಸಿ ನೋಡಿದ ಸ್ಯೂಸ್, ಅಲ್ಲೆಲ್ಲ ಹಿಂದೆ ಒಂದೇ ಕಡಲು ಹಬ್ಬಿತ್ತೆಂದು ಕಂಡುಕೊಂಡನು. ಅದರ ದಕ್ಷಿಣದ ಪ್ರಾಚೀನ ಭೂಖಂಡವನ್ನು ನಮ್ಮ ಗೊಂಡರ ನಾಡಿನ ಹೆಸರಿನಿಂದ ಗೊಂಡ್ವಾನ ಎಂದು ಕರೆದನು. ಕಡಲಿಗೆ 1893ರಲ್ಲಿ ಗ್ರೀಕ್ ಪುರಾಣದ ಸಾಗರಪತ್ನಿ ಟೆಥಿಸಳ ಹೆಸರನ್ನಿತ್ತನು.

ಎಣ್ಣೆಯ ಮಾತು ಬರುವುದು ಇಲ್ಲಿಯೇ. 1908ರಲ್ಲಿ ಇರಾನಿನ ಮಸ್ಜಿದ್ ಸುಲೈಮಾನ್, 1938ರಲ್ಲಿ ಅರೇಬಿಯದ ದಮ್ಮಾಮ್, 1948ರಲ್ಲಿ ಘವಾರ್: ಇವೆಲ್ಲವೂ ಆ ಕಡಲಿನ ದಕ್ಷಿಣದ ಅಂಚಿನಲ್ಲಿದ್ದ ನೆಲ. 1991ರಲ್ಲಿ ಕ್ಲೆಮ್ಮೆ ಮತ್ತು ಉಲ್ಮಿಶೆಕ್ ಎಂಬ ವಿಜ್ಞಾನಿಗಳು ಲೆಕ್ಕಹಾಕಿದಾಗ, ಲೋಕದಲ್ಲಿ ಅದುವರೆಗೆ ಕಂಡ ಎಣ್ಣೆ ಮತ್ತು ಅನಿಲದ ಸುಮಾರು ಮೂರರಲ್ಲಿ ಎರಡು ಪಾಲು ಟೆಥಿಸ್ ವಲಯದ್ದೆಂದು ತೋರಿತು.

ಕಡಲಿದ್ದಲ್ಲೆಲ್ಲ ಎಣ್ಣೆ ಹುಟ್ಟುವುದಿಲ್ಲ. ಬೆಚ್ಚನೆಯ ನೀರಿನಲ್ಲಿ ಸೂಕ್ಷ್ಮ ಪಾಚಿಗಳು ಹೇರಳವಾಗಿ ಬೆಳೆಯಬೇಕು. ಸತ್ತು ತಳಕ್ಕಿಳಿದ ಅವು ಕೊಳೆತು ಕಳೆದುಹೋಗದಂತೆ ತಳದ ನೀರಿನಲ್ಲಿ ಆಮ್ಲಜನಕದ ಕೊರತೆಯಿರಬೇಕು. ನದಿಗಳ ಮಣ್ಣು ಮಿತಿಮೀರಿ ಬಂದು ಬೆರೆಯಬಾರದು. ಸುಮಾರು 16 ಕೋಟಿ ವರ್ಷಗಳ ಹಿಂದೆ ಅರೇಬಿಯದ ಮೇಲೆ ಹರಡಿದ್ದ ಆಳವಲ್ಲದ ಕಡಲಿನಲ್ಲಿ ಅಲ್ಲಲ್ಲಿ ತಗ್ಗುಗಳಿದ್ದವು. ತಳದಲ್ಲಿ ನೀರು ನಿಂತು ಕಪ್ಪಾದ ಸುಣ್ಣದ ಕೆಸರು ಕೂಡಿತು. ಅದೇ ಘವಾರ್ ಎಣ್ಣೆಯ ತವರು, ಆಕರಶಿಲೆ. ಆಳಕ್ಕೆ ಹೂತು, ನೆಲದ ಕಾವಿನಲ್ಲಿ ಬೆಂದು, ಅದು ಎಣ್ಣೆಯನ್ನು ಬಿಟ್ಟಿತು. ಕಡಲು ಆವಿಯಾಗಿ ಉಳಿಸಿದ ಲವಣಶಿಲೆಯ ಪದರ ಮೇಲೆ ಮುಚ್ಚಳವಾಯಿತು. ಇವುಗಳಲ್ಲೊಂದು ತಪ್ಪಿದ್ದರೂ ಅಲ್ಲಿ ಬರಿಯ ಮರಳು ಉಳಿಯುತ್ತಿತ್ತು.

ಗೊಂಡ್ವಾನಕ್ಕೇ ಸೇರಿದ ನಮ್ಮ ಧಾರವಾಡ ಶಿಲೆಗಳಾದರೋ 250 ಕೋಟಿ ವರ್ಷಗಳಿಗೂ ಹಳೆಯವು. ಭೂಮಿಯ ಕಾವಿನಲ್ಲಿಯೂ ಒತ್ತಡದಲ್ಲಿಯೂ ಮಾರ್ಪಟ್ಟವು. ಅವುಗಳಲ್ಲಿ ದೊರೆತದ್ದು ಹಟ್ಟಿಯ ಚಿನ್ನ, ಎಣ್ಣೆಯಲ್ಲ.

ಸ್ಯೂಸನ ವಿವರಣೆಯೆಲ್ಲ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಭೂಮಿ ತಣಿದು ಕುಗ್ಗುತ್ತಿದೆ, ಭೂಖಂಡಗಳ ಭಾಗಗಳು ಕುಸಿದು ಕಡಲಾಗಿವೆ ಎಂದು ಆತನು ನಂಬಿದ್ದನು. ಗೊಂಡ್ವಾನ ಮುಳುಗಲಿಲ್ಲ, ಒಡೆದು ದೂರ ಸರಿಯಿತು. ಅದರ ತುಂಡುಗಳು ಉತ್ತರಕ್ಕೆ ಒತ್ತಿದ್ದರಿಂದ ಟೆಥಿಸ್ ಮುಚ್ಚಿಹೋಯಿತು ಎಂಬುದು 1960ರ ದಶಕದಲ್ಲಿ ಸ್ಥಿರಪಟ್ಟಿತು. ಆ ಒತ್ತಡದಲ್ಲೇ ಇರಾನಿನ ಝಾಗ್ರೋಸ್ ಬೆಟ್ಟಗಳು ಮಡಿಕೆಯಾಗಿ, ಎಣ್ಣೆ ನಿಲ್ಲುವ ಕಮಾನುಗಳಾದವು. ಸಿದ್ಧಾಂತ ಬಿದ್ದುಹೋದರೂ ಆತನು ಚಿಪ್ಪುಗಳಲ್ಲಿ ಓದಿದ ಕಡಲು ನಿಜವಾಗಿಯೇ ಉಳಿಯಿತು. ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿಡುವವನಿಗೆ ಇದಕ್ಕಿಂತ ದೊಡ್ಡ ಸಮಾಧಾನ ನನಗೆ ಕಾಣದು.

1914ರ ಏಪ್ರಿಲಿನಲ್ಲಿ ಸ್ಯೂಸ್ ತೀರಿಕೊಂಡನು. ಕೆಲವೇ ತಿಂಗಳಲ್ಲಿ ಮಹಾಯುದ್ಧ ಹತ್ತಿಕೊಂಡಿತು. ಆತನ ಕಡಲು ಬಿಟ್ಟುಹೋದ ಎಣ್ಣೆಗಾಗಿ ಸಾಮ್ರಾಜ್ಯಗಳು ಹೊಂಚುಹಾಕುವ ಕಾಲ ಆಗಲೇ ಬಂದಿತ್ತು.