ರಸಾಯನ ವಿದುಷಿ ಡಾ. ಕಮಲಾ ಸೊಹೊನಿ

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಹಿಂಗಾರಿನ ಕಡಲೆಯನ್ನು ಕಾಣದವರಾರು? ಅಣ್ಣಿಗೇರಿಯ ಹೆಸರನ್ನೇ ಹೊತ್ತ ಕಡಲೆಯ ತಳಿಯೊಂದುಂಟು. ಆದರೆ ಬಡವನ ಬುತ್ತಿಗೆ ಬಲವಾದ ಇಂಥ ಕಾಳುಗಳ ಸತ್ತ್ವವೇನೆಂಬುದನ್ನು ಪ್ರಯೋಗಶಾಲೆಯಲ್ಲಿ ಶೋಧಿಸಿದ ಮಹಿಳೆಯೊಬ್ಬರು ತಮ್ಮ ಸಂಶೋಧನೆಯ ಓನಾಮವನ್ನು ಬೆಂಗಳೂರಿನಲ್ಲಿಯೇ ಬರೆದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಕಮಲಾ ಭಾಗವತರು 1911ರಲ್ಲಿ ಇಂದೋರಿನಲ್ಲಿ ಜನಿಸಿದರು. ತಂದೆ ನಾರಾಯಣರಾಯರೂ ಚಿಕ್ಕಪ್ಪ ಮಾಧವರಾಯರೂ ಬೆಂಗಳೂರಿನ ತಾತಾ ವಿಜ್ಞಾನ ಮಂದಿರದಲ್ಲಿ ಓದಿದ ರಸಾಯನಜ್ಞರು. ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದ ಕಮಲಾ, 1933ರಲ್ಲಿ ಅದೇ ಮಂದಿರಕ್ಕೆ ಅರ್ಜಿ ಸಲ್ಲಿಸಿದರು. ಅರ್ಜಿ ತಿರಸ್ಕೃತವಾಯಿತು. ಕಾರಣ, ಅರ್ಜಿದಾರಳು ಹೆಣ್ಣು! ಆಗ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್ನರು. ಮಹಾಪುರುಷರ ಮಹತ್ತ್ವಕ್ಕೆ ಕುಂದು ತರುವ ಉದ್ದೇಶ ನನಗಿಲ್ಲ. ಆದರೂ ನಡೆದುದನ್ನು ಮರೆಮಾಚುವುದು ಚರಿತ್ರೆಗೆ ಸಲ್ಲದು. ಕಮಲಾ ಮರಳಿ ಹೋಗಲಿಲ್ಲ. ನೇರವಾಗಿ ನಿರ್ದೇಶಕರ ಎದುರಿಗೆ ಹೋಗಿ ನಿಂತು, ತಮ್ಮ ಅನರ್ಹತೆ ಯಾವುದೆಂದು ಕೇಳಿದರು. ಕಡೆಗೆ ಪ್ರವೇಶ ದೊರೆಯಿತು, ಆದರೆ ಕರಾರುಗಳೊಡನೆ: ಮೊದಲ ವರ್ಷ ಅವರು ಪೂರ್ಣ ವಿದ್ಯಾರ್ಥಿನಿಯಲ್ಲ, ಗುರುಗಳು ಹೇಳಿದರೆ ರಾತ್ರಿಯೂ ದುಡಿಯಬೇಕು, ತಮ್ಮಿಂದ ಪುರುಷ ಸಂಶೋಧಕರ ಚಿತ್ತ ಚದುರಬಾರದು. ಈ ಅವಮಾನವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ಗುರುಗಳಾದ ಎಂ. ಶ್ರೀನಿವಾಸಯ್ಯನವರು ಕಠೋರ ಶಿಸ್ತಿನವರಾದರೂ ಶಿಷ್ಯವತ್ಸಲರು. ಅವರ ಬಳಿ ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ಅಭ್ಯಾಸ ನಡೆಯಿತು. ವರ್ಷ ತುಂಬುವಷ್ಟರಲ್ಲಿ ರಾಮನ್ನರ ಮನಸ್ಸೇ ತಿರುಗಿತು. ತರುವಾಯ ಆ ಮಂದಿರದ ಬಾಗಿಲು ಇತರ ವಿದ್ಯಾರ್ಥಿನಿಯರಿಗೂ ತೆರೆಯಿತು.

1936ರಲ್ಲಿ ಎಂ.ಎಸ್ಸಿ. ಮುಗಿಸಿ ಕಮಲಾ ಕೇಂಬ್ರಿಜ್ಜಿಗೆ ತೆರಳಿದರು. ಅಲ್ಲಿ ಆಲೂಗಡ್ಡೆಯನ್ನು ಪರೀಕ್ಷಿಸುತ್ತ, ಜೀವಕೋಶದ ಉಸಿರಾಟಕ್ಕೆ ಬೇಕಾದ ‘ಸೈಟೋಕ್ರೋಮ್ ಸಿ’ ಎಂಬ ದ್ರವ್ಯವು ಸಸ್ಯಗಳಲ್ಲಿಯೂ ಉಂಟೆಂದು ತೋರಿಸಿದರು. ಅವರ ಪ್ರಬಂಧ ಕೇವಲ ನಲವತ್ತು ಪುಟಗಳದ್ದು. ನೂರಾರು ಪುಟ ತುಂಬಿಸುವ ನಮ್ಮಂಥ ಪಂಡಿತರು ಇದನ್ನು ಗಮನಿಸಬೇಕು! 1939ರಲ್ಲಿ ಪಿಎಚ್.ಡಿ. ಪಡೆದರು, ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಅವರೊಬ್ಬರು.

ಸ್ವದೇಶಕ್ಕೆ ಮರಳಿ ದಿಲ್ಲಿಯಲ್ಲಿ, ಬಳಿಕ ಕೂನೂರಿನಲ್ಲಿ ಸೇವೆ ಸಲ್ಲಿಸಿ, 1947ರಲ್ಲಿ ಎಂ.ವಿ. ಸೊಹೊನಿಯವರನ್ನು ವರಿಸಿ ಮುಂಬಯಿಗೆ ಬಂದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಶಿಷ್ಯರೊಡನೆ ಮತ್ತೆ ಕಾಳುಗಳನ್ನೇ ಕೈಗೆತ್ತಿಕೊಂಡರು. ಹಸಿ ಅವರೆಯಲ್ಲಿ ಪ್ರೋಟೀನಿನ ಪಚನಕ್ಕೆ ಅಡ್ಡಿಮಾಡುವ ಅಂಶವೊಂದಿದೆ. ಅದನ್ನು ಹರಳುರೂಪದಲ್ಲಿ ಬೇರ್ಪಡಿಸಿದ ವಾರ್ತೆ 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಳನ್ನು ನೆನೆಹಾಕಿ ಚೆನ್ನಾಗಿ ಬೇಯಿಸುವ ನಮ್ಮ ಅಜ್ಜಿಯರ ಪದ್ಧತಿಗೆ ಇಲ್ಲಿ ಶಾಸ್ತ್ರದ ಸಮರ್ಥನೆ ಸಿಕ್ಕಿತೆನ್ನಬೇಕು. ನೀರಾದ ಪೋಷಕಗುಣಗಳನ್ನು ಕುರಿತ ಸಂಶೋಧನೆಗಾಗಿ ಅವರಿಗೆ ರಾಷ್ಟ್ರಪತಿಗಳ ಪ್ರಶಸ್ತಿ ಲಭಿಸಿತು. ಆ ಸಂಸ್ಥೆಯ ನಿರ್ದೇಶಕ ಪದವಿಯೂ ಬಂದಿತು, ಸಲ್ಲಬೇಕಾದ ಕಾಲಕ್ಕಿಂತ ತಡವಾಗಿ.

1998ರಲ್ಲಿ ದಿಲ್ಲಿಯಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯು ಅವರನ್ನು ಸನ್ಮಾನಿಸಿತು. ಆ ಸಮಾರಂಭದಲ್ಲಿಯೇ ಅವರು ಕುಸಿದುಬಿದ್ದರು, ಕೆಲದಿನಗಳಲ್ಲಿ ತೀರಿಕೊಂಡರು.